57 ಅಡಿ ಉದ್ದದ ಪ್ರಿಂಟು ಮತ್ತು ಕತ್ತರಿಸಿಹೋದ ಧೂಮಕೇತು

ಹುಬ್ಬಳ್ಳಿ ಸ್ಟೇಷನ್ ರಸ್ತೆ ಕಡೆಯ ಒಂದು ಚಿಕ್ಕ ಡಿಜಿಟಲ್ ಪ್ರಿಂಟಿಂಗ್ ಅಂಗಡಿಯಲ್ಲಿ ಕಳೆದ ತಿಂಗಳು ಒಂದು ಕೆಲಸ ಮಾಡಿಸಿದೆ. ಬ್ಯಾನರ್, ಮದುವೆ ಕಾರ್ಡು, ಜಾತ್ರೆಯ ಕಟೌಟು ಮಾಡುವ ಅಂಗಡಿ ಅದು. ನನಗೆ ಬೇಕಿದ್ದದ್ದು ಬೇರೆ. ಕುಂದಗೋಳ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯ ವರಾಂಡದ ಗೋಡೆಗೆ ಫ್ರಾನ್ಸಿನ ಬಾಯೂ ಊರಿನ ಕಸೂತಿಯ ಪೂರ್ತಿ ಚಿತ್ರ ಅಂಟಿಸಬೇಕು ಅಂತ ಬಹಳ ದಿನದ ಆಸೆ.

ಉತ್ತರ ಫ್ರಾನ್ಸಿನ ನಾರ್ಮಂಡಿಯ ದೊರೆ ವಿಲಿಯಂ 1066ರಲ್ಲಿ ಸಮುದ್ರ ದಾಟಿ ಬಂದು ಇಂಗ್ಲೆಂಡ್ ಗೆದ್ದ ಕಥೆಯನ್ನು ಲಿನನ್ ಬಟ್ಟೆಯ ಮೇಲೆ ಉಣ್ಣೆ ದಾರದಲ್ಲಿ ಹೊಲಿದಿದ್ದಾರೆ. ಉದ್ದ ಸುಮಾರು 70 ಮೀಟರ್, ಎತ್ತರ ಅರ್ಧ ಮೀಟರ್. ಅದನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸಿದರೂ 57 ಅಡಿ ಆಗುತ್ತದೆ.

ನಾನು ಫ್ಲೆಕ್ಸ್ ಸಾಕು ಅಂದುಕೊಂಡಿದ್ದೆ. ಮಾಲೀಕರು ಒಪ್ಪಲಿಲ್ಲ. "ಅಕ್ಕೋರ, ಸಣ್ಣ ಅಕ್ಷರ ಅದಾವ್ರಿ. ಫ್ಲೆಕ್ಸ್‌ನ್ಯಾಗ ಮಸುಕ ಬರ್ತಾವ. ವಿನೈಲ್ ಮಾಡಸ್ರಿ" ಅಂದರು. ನಾಲ್ಕು ಅಡಿ ಅಗಲದ ರೋಲಿನಲ್ಲಿ ಎಂಟು ಪಟ್ಟಿಗಳನ್ನು ಪಕ್ಕಪಕ್ಕ ಕೂರಿಸಿದರು. ಹೀಗಾಗಿ ದುಡ್ಡು ಉಳಿಯಿತು. ಮ್ಯಾಟ್ ಲ್ಯಾಮಿನೇಷನ್ ಸೇರಿ 1,300 ರೂಪಾಯಿ ಆಯಿತು. ಕಂಪ್ಯೂಟರ್ ಮುಂದಿದ್ದ ಹುಡುಗ ನೀಲಿ ಕುದುರೆ ಕಂಡು ಬಣ್ಣ ಕೆಟ್ಟಿದೆ ಅಂತ ಸರಿಪಡಿಸಲು ಹೊರಟಿದ್ದ. ಹೊಲಿದವರೇ ನೀಲಿ ದಾರ ಹಾಕಿದ್ದಾರೆ ಅಂತ ಹೇಳಿದ ಮೇಲೆ ಹಾಗೇ ಬಿಟ್ಟ.

ತಪ್ಪು ಆದದ್ದು ಕತ್ತರಿಸುವಾಗ. ಒಂದು ಪಟ್ಟಿಯಲ್ಲಿ ಮೇಲಿನ ಮತ್ತು ಕೆಳಗಿನ ಅಂಚು ಎರಡೂ ಹೋಗಿದ್ದವು. "ಸುಮ್ನ ಬಾರ್ಡರ್ ಅನ್ಕೊಂಡ್ನಿರೀ" ಅಂದ ಹುಡುಗ. ಆದರೆ ಈ ಕಸೂತಿಯ ಜೀವ ಇರುವುದೇ ಅಂಚಿನಲ್ಲಿ! ಆ ಪಟ್ಟಿಯ ಚಿತ್ರದಲ್ಲಿ, ವಿಲಿಯಂ ಮುಂದೆ ಸೋಲಿಸಲಿರುವ ಹ್ಯಾರಲ್ಡ್ ಇಂಗ್ಲೆಂಡಿನ ರಾಜನಾಗಿ ಇನ್ನೂ ಕೆಲವು ತಿಂಗಳು. ಬಾಲದ ನಕ್ಷತ್ರ ಕಂಡು ಜನ ಬೆರಳು ತೋರಿಸುತ್ತಿದ್ದಾರೆ. ಆ ನಕ್ಷತ್ರ ಮೇಲಿನ ಅಂಚಿನಲ್ಲಿದೆ. ಅದು ಹ್ಯಾಲಿ ಧೂಮಕೇತು, 1066ರ ಏಪ್ರಿಲ್‌ನಲ್ಲಿ ಕಂಡದ್ದು. ಹ್ಯಾರಲ್ಡ್‌ನ ಕೆಳಗಿನ ಅಂಚಿನಲ್ಲಿ ಖಾಲಿ ಹಡಗುಗಳು, ಮುಂದೆ ಬರಲಿರುವ ದಂಡಿನ ನೆರಳಿನ ಹಾಗೆ. ಅಂಚು ಹೋದರೆ ಜನ ಸುಮ್ನೆ ಆಕಾಶ ನೋಡುತ್ತಾ ನಿಂತಂತೆ ಕಾಣುತ್ತದೆ, ಅಲ್ವಾ? ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು.

ಮಾಲೀಕರು ವಾದ ಮಾಡಲಿಲ್ಲ. ಇನ್ನೊಮ್ಮೆ ಪ್ರಿಂಟ್ ಹಾಕಿದರು, ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳಲಿಲ್ಲ. ಮಷೀನು ಓಡುವಾಗ ಚಹಾ ತರಿಸಿ, ವಿಲಿಯಂ ಬಗ್ಗೆ "ಇಂವ ಛಲೋ ರಾಜಾ ಏನ್ರಿ?" ಅಂತ ಕೇಳಿದರು.

ನನಗೆ ಬೇಗ ಉತ್ತರ ಹೇಳಲು ಆಗಲಿಲ್ಲ. ವಿಲಿಯಂನ ತಂದೆತಾಯಿಗೆ ಮದುವೆ ಆಗಿರಲಿಲ್ಲ, ಜನ ಅದನ್ನೇ ಹಿಡಿದು ಹಂಗಿಸುತ್ತಿದ್ದರು. 1035ರಲ್ಲಿ ತಂದೆ ಜೆರುಸಲೇಮ್ ಯಾತ್ರೆಯಿಂದ ಮರಳುವ ದಾರಿಯಲ್ಲಿ ತೀರಿಕೊಂಡ. ಹುಡುಗನಿಗೆ ಆಗ ಏಳೆಂಟು ವರ್ಷ. ಅವನನ್ನು ಕಾಯುತ್ತಿದ್ದವರಲ್ಲಿ ಹಲವರ ಕೊಲೆ ಆಯಿತು. ಅಂಥ ಹುಡುಗ ಬದುಕಿ ಉಳಿದು, 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಇಡೀ ದಿನ ಕಾದಾಡಿ ಗೆದ್ದ. ಅದೇ ವರ್ಷದ ಕ್ರಿಸ್‌ಮಸ್ ದಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಿರೀಟ ಇಟ್ಟುಕೊಂಡ. ಇಲ್ಲಿಯವರೆಗೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಆದರೆ 1069–70ರ ಚಳಿಗಾಲದಲ್ಲಿ ಇಂಗ್ಲೆಂಡಿನ ಉತ್ತರ ಭಾಗದ ಜನ ತಿರುಗಿಬಿದ್ದಾಗ ಅವನು ಊರು, ಕಾಳು, ದನ ಎಲ್ಲ ನಾಶ ಮಾಡಿಸಿದ. ಜನ ಹಸಿವಿನಿಂದ ಸತ್ತರು. ಬೀಜದ ಕಾಳು ಸುಟ್ಟರೆ ಏನಾಗುತ್ತದೆ ಅಂತ ನಮ್ಮ ಕಡೆಯ ರೈತರ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಇದು ಕಸೂತಿಯಲ್ಲಿಲ್ಲ. ಆದರೆ ಯುದ್ಧಕ್ಕೆ ಮುಂಚೆ ಒಂದು ಚಿತ್ರ ಇದೆ. ಮನೆಗೆ ಬೆಂಕಿ ಹಚ್ಚಿದ್ದಾರೆ, ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಹೊರಗೆ ಬರುತ್ತಿದ್ದಾಳೆ. ಆ ಎರಡು ಕೈಗಳು ಪ್ರಿಂಟಿನಲ್ಲಿ ಸ್ಪಷ್ಟವಾಗಿ ಬಂದಿವೆ. ನಾನು ಮೊದಲು ನೋಡಿದ್ದೇ ಅದನ್ನು. ಮಾಲೀಕರಿಗೂ ಅದನ್ನೇ ತೋರಿಸಿದೆ. ಅವರು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಅವರಿಗೆ ತುಂಬಾ ಹಿಡಿಸಿದ್ದು ಡೂಮ್ಸ್‌ಡೇ ದಾಖಲೆಯ ಸಂಗತಿ. 1086ರಲ್ಲಿ ವಿಲಿಯಂ 13,000ಕ್ಕೂ ಹೆಚ್ಚು ಊರುಗಳ ಲೆಕ್ಕ ಬರೆಸಿದ. ಹೊಲ ಯಾರದು, ನೇಗಿಲು ಎಷ್ಟು, ಗಿರಣಿ ಎಷ್ಟು ಅಂತ. ಒಂದು ಎತ್ತು, ಒಂದು ಹಂದಿಯನ್ನೂ ಬಿಡಲಿಲ್ಲ ಅಂತ ಆಗಿನವರು ಬೇಸರದಿಂದ ಬರೆದಿದ್ದಾರೆ. "ಅಂದ್ರ ಇಡೀ ದೇಶದ ಉತಾರ ತಗದಾನ" ಅಂದರು ಮಾಲೀಕರು. ಉತಾರ ಅಂದರೆ ಪಹಣಿ. ತರಗತಿಯಲ್ಲಿ ನಾನೀಗ ಇದೇ ಮಾತು ಬಳಸುತ್ತೇನೆ. 1087ರಲ್ಲಿ ಅವನನ್ನು ನಾರ್ಮಂಡಿಯ ಕಾನ್ ಊರಿನಲ್ಲಿ ಹೂಳುವಾಗ ಒಬ್ಬ ಎದ್ದು ನಿಂತು, ಈ ಜಾಗ ನಮ್ಮಪ್ಪನದು, ಇವನು ಕಸಿದುಕೊಂಡದ್ದು ಅಂದನಂತೆ. ಅಲ್ಲೇ ಹಣ ಕೊಟ್ಟು ಅವನನ್ನು ಸಮಾಧಾನ ಮಾಡಿದರು ಅಂತ ಆರ್ಡೆರಿಕ್ ಎಂಬ ಸನ್ಯಾಸಿ ಬರೆದಿದ್ದಾನೆ.

ನಮ್ಮ ಹಳ್ಳಿಯವರು ಧಾರವಾಡಕ್ಕೆ ಕೇಸಿಗೆ ಹೋದಾಗ ಹೇಳುವ ಕೋರ್ಟು, ಜಡ್ಜು, ಜೈಲು ಕೂಡ ಈ ನಾರ್ಮನ್ನರು, ಅಂದರೆ ನಾರ್ಮಂಡಿಯವರು, ತಂದ ಫ್ರೆಂಚಿನಿಂದ ಇಂಗ್ಲಿಷಿಗೆ ಸೇರಿದವು. ಇದನ್ನು ಬೇರೆ ಚೀಟಿಯಲ್ಲಿ ಅಚ್ಚು ಹಾಕಿಸಿ ಪಕ್ಕದಲ್ಲೇ ಅಂಟಿಸಿದ್ದೇನೆ.

ಕಸೂತಿಯ ಕೊನೆಯ ತುಂಡು ಕಳೆದುಹೋಗಿದೆ. ಇಂಗ್ಲೆಂಡಿನ ಸೈನಿಕರು ಓಡುವಲ್ಲಿಗೆ ಚಿತ್ರ ನಿಲ್ಲುತ್ತದೆ. ಅದಕ್ಕೆ ಮೂರು ಅಡಿ ಬಿಳಿ ವಿನೈಲ್ ಸೇರಿಸಿ ಅಂದೆ. ಮಕ್ಕಳು ಬರೆಯಲಿ ಅಂತ ಆ ತುಂಡಿಗೆ ಲ್ಯಾಮಿನೇಷನ್ ಬೇಡ ಅಂತ ಮಾಲೀಕರೇ ಹೇಳಿದರು. ಒಳ್ಳೆಯ ಯೋಚನೆ. ಸ್ಕೆಚ್ ಪೆನ್ನು ಚೆನ್ನಾಗಿ ಹಿಡಿಯುತ್ತದೆ.

ಎರಡು ಪಟ್ಟಿ ಕೂಡುವಲ್ಲಿ ಒಂದು ಕಡೆ ಬಣ್ಣ ಸ್ವಲ್ಪ ಗಾಢವಾಗಿದೆ, ಹತ್ತಿರ ಹೋದರೆ ಗೊತ್ತಾಗುತ್ತದೆ. ಮಳೆ ಎರಚಲು ತಾಗಿದರೂ ವಿನೈಲ್ ಈವರೆಗೆ ಎದ್ದಿಲ್ಲ. ಶಾಲೆಯ ಕೆಲಸಕ್ಕೆ ನಾನು ಮತ್ತೆ ಇಲ್ಲಿಗೇ ಹೋಗುತ್ತೇನೆ. ನೀವು ಹೋಗುವುದಾದರೆ ಮಧ್ಯಾಹ್ನ ಹೋಗಿ, ಸಂಜೆ ಬ್ಯಾನರಿನವರ ಗದ್ದಲ. ಅಂಚು ಕತ್ತರಿಸಬಾರದು ಅಂತ ಆರ್ಡರ್ ಚೀಟಿಯ ಮೇಲೆ ದೊಡ್ಡದಾಗಿ ಬರೆಸಿ.