28/4 ತೇಲುವ ಗುಳಿಗೆ: ಕೃಷಿ ಹೊಂಡದ ಗೆಂಡೆ ಮೀನಿಗೆ ಯಾವಾಗ ಬೇಕು, ಯಾವಾಗ ಬೇಡ

ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನು ಸಾಕುವವರಿಗೆ ಮೀನಿನ ಆಹಾರದ ಅಂಗಡಿಯಲ್ಲಿ ಸಾಮಾನ್ಯವಾಗಿ ತೋರಿಸುವುದು 28/4 ಎಂದು ಅಚ್ಚಾದ ತೇಲುವ ಗುಳಿಗೆಯ ಚೀಲ. ಮೊದಲ ಅಂಕಿ ಕಚ್ಚಾ ಪ್ರೋಟೀನು, ಎರಡನೆಯದು ಕೊಬ್ಬು; ಎರಡೂ ಶೇಕಡಾ ಲೆಕ್ಕ. ಇಲ್ಲಿ ನೋಡುತ್ತಿರುವುದು ಯಾವುದೋ ಒಂದು ಕಂಪನಿಯ ಚೀಲವನ್ನಲ್ಲ, ಈ ದರ್ಜೆಯ ಮಾಲನ್ನು. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಮಾಲು ಒಳ್ಳೆಯದೇ. ಆದರೆ ಮರಿ ಬಿಟ್ಟ ದಿನದಿಂದಲೇ ಸುರಿಯುವಂಥದ್ದಲ್ಲ. ಹಸಿರು ನೀರಿರುವ ಮಣ್ಣಿನ ಹೊಂಡದಲ್ಲಿ ಮೊದಲೆರಡು ತಿಂಗಳು ಇದಕ್ಕೆ ಹಾಕುವ ದುಡ್ಡು ಹೆಚ್ಚುಕಡಿಮೆ ದಂಡ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಕಥೆ ಬೇರೆ, ಅದಕ್ಕೆ ಕೊನೆಯಲ್ಲಿ ಬರೋಣ.

ಚೀಲ ಬಿಚ್ಚುವ ಮೊದಲು ಮೀನಿನ ಬಾಯಿ ನೋಡಬೇಕು. ಕಾಟ್ಲಾದ ಬಾಯಿ ಅಗಲ, ಕೆಳದವಡೆ ಮುಂದೆ ಚಾಚಿ ಮೇಲ್ಮುಖವಾಗಿದೆ. ಅದು ಮೇಲುನೀರಿನಲ್ಲಿ ಈಜುತ್ತ ಪ್ರಾಣಿಪ್ಲವಕವನ್ನು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳನ್ನು, ಕಿವಿರಿನ ಜರಡಿಯಲ್ಲಿ ಸೋಸಿ ತಿನ್ನುತ್ತದೆ. ರೋಹುವಿನ ತುಟಿಯ ಅಂಚು ಜಾಲರಿ ಹೊಲಿದಂತೆ ಕುಚ್ಚುಕುಚ್ಚಾಗಿರುತ್ತದೆ; ಕಡ್ಡಿ, ಕಲ್ಲು, ಜೊಂಡಿನ ಬುಡಕ್ಕೆ ಅಂಟಿದ ಪಾಚಿಯನ್ನು ಕೆರೆಯಲು ಅದೇ ಸಾಧನ. ಮೃಗಾಲ್ ತಳದ್ದು, ಕೊಳೆತ ಎಲೆ ಮತ್ತು ಕೆಸರಿನ ಮೇಲ್ಪದರವೇ ಅದರ ಊಟ. ಬೆಳ್ಳಿಗೆಂಡೆ ಆಹಾರ ಸರಪಳಿಯಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ಸಸ್ಯಪ್ಲವಕವನ್ನೇ, ಅಂದರೆ ತೇಲುವ ಸೂಕ್ಷ್ಮ ಪಾಚಿಯನ್ನೇ, ನೇರವಾಗಿ ಸೋಸುತ್ತದೆ. ಹುಲ್ಲುಗೆಂಡೆ ಹೈಡ್ರಿಲ್ಲಾ, ಅಜೋಲಾ, ನೇಪಿಯರ್ ಹುಲ್ಲು ಮೇಯುತ್ತದೆ. ಅದರ ಅರೆಜೀರ್ಣ ಹಿಕ್ಕೆ ಮತ್ತೆ ಹೊಂಡಕ್ಕೆ ಗೊಬ್ಬರ. ಹೀಗೆ ಒಂದೇ ನೀರಿನಲ್ಲಿ ಪೋಷಣಾ ಸ್ತರಗಳು, ಅಂದರೆ ಆಹಾರ ಸರಪಳಿಯ ಮೆಟ್ಟಿಲುಗಳು, ಬೇರೆಬೇರೆ. ಹಲವು ಜಾತಿಯ ಮೀನನ್ನು ಒಟ್ಟಿಗೆ ಬಿಡುವ ಮಿಶ್ರ ಸಾಕಣೆ ನಿಂತಿರುವುದೇ ಈ ಹಂಚಿಕೆಯ ಮೇಲೆ. ತೇಲುವ ಗುಳಿಗೆ ಈ ಹಂಚಿಕೆಯನ್ನು ಗಮನಿಸುವುದಿಲ್ಲ, ಅದು ಮೇಲ್ಮೈಗೆ ಬಂದು ಬಾಯಿ ಹಾಕಿದವರ ಪಾಲು. ಬೇಗ ಅಭ್ಯಾಸವಾಗುವುದು ರೋಹುವಿಗೆ. ಕಾಟ್ಲಾ ಮೇಲುನೀರಿನ ಮೀನೇ ಆದರೂ ಸೋಸಿ ತಿನ್ನುವ ಜಾತಿಯಾದ್ದರಿಂದ ಗುಳಿಗೆ ಕಚ್ಚುವುದರಲ್ಲಿ ಹಿಂದೆ. ಮೃಗಾಲ್‌ಗೆ ಸಿಗುವುದು ನೆನೆದು ಮುಳುಗಿದ ಚೂರು ಮಾತ್ರ.

ಆಹಾರ ಸರಪಳಿಯಲ್ಲಿ ಒಂದು ಸ್ತರದಿಂದ ಮುಂದಿನದಕ್ಕೆ ದಾಟುವ ಶಕ್ತಿ ಸರಾಸರಿ ಶೇ. 10 ಎಂಬ ಸೂತ್ರ ಶಾಲಾ ಪುಸ್ತಕದಲ್ಲೇ ಇದೆ. ಅಮೆರಿಕದ ಮಿನ್ನೆಸೋಟಾದ ಒಂದು ಪುಟ್ಟ ಕೆರೆಯನ್ನು ಅಳೆದು ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಕೆಲಸದಿಂದ ಬೆಳೆದ ಸೂತ್ರ ಅದು. ಅಚ್ಚಾಗುವ ಮೊದಲೇ ಆತ ತೀರಿಕೊಂಡಿದ್ದ, ವಯಸ್ಸು 26. ನಿಜವಾದ ನೀರಿನಲ್ಲಿ ಈ ಶೇ. 10 ಅತ್ತಿತ್ತ ಸಾಕಷ್ಟು ಓಲಾಡುತ್ತದೆ, ಆದರೂ ಸಾಕಣೆದಾರನಿಗೆ ದಿಕ್ಕು ತೋರಿಸಲು ಸಾಕು. ಗೆಂಡೆ ಮೀನು ಅಗ್ಗ, ಕೊರವ ಮೀನು ದುಬಾರಿ ಆಗುವುದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ: ಕೊರವ ಬೇರೆ ಮೀನುಗಳನ್ನು ತಿನ್ನುವ ಮೀನು, ಅದರ ಆಹಾರಕ್ಕೆ ಶೇ. 40ರ ಆಸುಪಾಸು ಪ್ರೋಟೀನು ಬೇಕು. ಗೆಂಡೆಗೆ ಅಷ್ಟು ಬೇಕಿಲ್ಲ. ಮೀನುಪುಡಿ ಹಾಕಿದ ಗೆಂಡೆ ಆಹಾರವನ್ನು "ಪ್ರೀಮಿಯಂ" ಎಂದು ಮಾರಿದರೆ, ಕಡಲಿನ ಬೂತಾಯಿಯನ್ನು ಪುಡಿ ಮಾಡಿ ಪಾಚಿ ತಿನ್ನುವ ಮೀನಿಗೆ ಉಣಿಸಿದ ಹಾಗೆ. ಅದಕ್ಕೆ ಹೆಚ್ಚು ದುಡ್ಡು ಕೊಡಬೇಡಿ.

ಇನ್ನು ಚೀಲದ ಮೇಲಿನ ಅಂಕಿ. ಕಚ್ಚಾ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಮೋಸಕ್ಕೆ ದಾರಿ ಅಲ್ಲೇ ತೆರೆಯುತ್ತದೆ. ಯೂರಿಯಾದಲ್ಲಿ ಶೇ. 46 ಸಾರಜನಕ, ಗುಣಿಸಿದರೆ 287 ಬರುತ್ತದೆ. ಅಂದರೆ ನೂರು ಕೆ.ಜಿ. ಮಿಶ್ರಣಕ್ಕೆ ಒಂದು ಕೆ.ಜಿ. ಯೂರಿಯಾ ಬೆರೆಸಿದರೆ ಕಾಗದದ ಮೇಲೆ ಪ್ರೋಟೀನು ಸುಮಾರು 3 ಅಂಕ ಏರುತ್ತದೆ. ದನಕರುಗಳ ಮೊದಲ ಹೊಟ್ಟೆಯ ಸೂಕ್ಷ್ಮಾಣುಗಳು ಯೂರಿಯಾವನ್ನು ಪ್ರೋಟೀನಾಗಿ ಕಟ್ಟಬಲ್ಲವು. ಮೀನಿಗೆ ಆ ಸೌಲಭ್ಯವಿಲ್ಲ. ಸರಿಯಾಗಿ ಬೇಯಿಸದ ಗರಿಪುಡಿಯದೂ ಇದೇ ಕಥೆ, ಅಂಕಿ ದೊಡ್ಡದು, ಜೀರ್ಣವಾಗುವುದು ಅಲ್ಪ. ಪಕ್ಕದ ಚೀಲಗಳಿಗಿಂತ ತೀರಾ ಅಗ್ಗವಾಗಿ ಸಿಗುವ 28/4 ಮೇಲೆ ಸಂಶಯ ಇಟ್ಟುಕೊಳ್ಳುವುದು ಒಳ್ಳೆಯದು. ಬ್ಯಾಚ್ ಸಂಖ್ಯೆ, ತಯಾರಾದ ತಾರೀಕು, ತೇವಾಂಶ ಮತ್ತು ನಾರಿನ ಮಿತಿ ಅಚ್ಚಾಗಿಲ್ಲದ ಚೀಲವನ್ನು ಅಲ್ಲಿಯೇ ಬಿಟ್ಟು ಬನ್ನಿ. ತೇವಾಂಶ ಶೇ. 12ರೊಳಗಿರಬೇಕು.

ಮನೆಯ ಮಿಶ್ರಣವನ್ನೂ ಹೋಲಿಸಿ ನೋಡಬೇಕು. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನು 40ರಿಂದ 45, ಅಕ್ಕಿ ತೌಡಿನಲ್ಲಿ 12–13. ಸಮಸಮ ಬೆರೆಸಿದರೆ ಅಂಕಿ 27ರ ಹತ್ತಿರ ಬಂದೇಬಿಡುತ್ತದೆ. ಹಾಗಾದರೆ ಗುಳಿಗೆಗೇಕೆ ಹೆಚ್ಚು ದುಡ್ಡು? ಮೂರು ಕಾರಣ ಕೊಡಬಹುದು. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನಿನ ಘಟಕಗಳಾದ ಲೈಸಿನ್ ಮತ್ತು ಮೆಥಿಯೋನಿನ್ ಕಡಿಮೆ, ಗುಳಿಗೆಯಲ್ಲಿ ಸೋಯಾ ಹಿಂಡಿ ಸೇರಿ ಲೈಸಿನ್ ಕೊರತೆ ತುಂಬಿರುತ್ತದೆ. ತೌಡಿನ ರಂಜಕ (ಫಾಸ್ಫರಸ್) ಬಹುಪಾಲು ಫೈಟೇಟ್ ರೂಪದ್ದು; ಅದನ್ನು ಒಡೆಯುವ ಕಿಣ್ವ ಮೀನಿನಲ್ಲಿ ಸಾಕಷ್ಟಿಲ್ಲ, ಸಾಲದ್ದಕ್ಕೆ ಗೆಂಡೆ ಜಾತಿಗೆ ಆಮ್ಲ ಸುರಿಸುವ ಜಠರವೇ ಇಲ್ಲ. ಆದ್ದರಿಂದ ಒಳ್ಳೆಯ ಗುಳಿಗೆಯಲ್ಲಿ ಕರಗುವ ರಂಜಕ ಸೇರಿಸಿರುತ್ತಾರೆ, ಪಟ್ಟಿಯಲ್ಲಿ ಮೋನೋಕ್ಯಾಲ್ಸಿಯಂ ಫಾಸ್ಫೇಟ್ ಇದ್ದರೆ ಡೈಕ್ಯಾಲ್ಸಿಯಂಗಿಂತ ಮೇಲು. ಮೂರನೆಯದು ಬೇಯುವಿಕೆ. ಎಕ್ಸ್‌ಟ್ರೂಡರ್ ಯಂತ್ರದ ಬಿಸಿ ಮತ್ತು ಒತ್ತಡದಲ್ಲಿ ಪಿಷ್ಟ ಬೆಂದು ಅರಳುತ್ತದೆ. ತೇಲುವುದೂ ಅದರಿಂದಲೇ, ಜೀರ್ಣ ಸುಲಭವಾಗುವುದೂ ಅದರಿಂದಲೇ. ಒಣ ತೌಡನ್ನು ಎರಚಿದರೆ ಗಾಳಿಗೆ ಅರ್ಧ ದಂಡೆ ಸೇರುತ್ತದೆ.

ಈಗ ಅಂಗಡಿಯವರು ಹೆಚ್ಚು ಹೇಳುವ ಎಫ್‌ಸಿಆರ್, ಅಂದರೆ ಒಂದು ಕೆ.ಜಿ. ಮೀನು ಬೆಳೆಯಲು ಹಿಡಿದ ಆಹಾರ. "1.2ಕ್ಕೆ ಬರುತ್ತೆ ಸಾರ್" ಎಂದರೆ ಸುಳ್ಳು ಎನ್ನಬೇಕಿಲ್ಲ, ಆದರೆ ಅದು ಚೀಲದೊಂದರ ಸಾಧನೆಯಲ್ಲ. ಅದೇ ಗುಳಿಗೆಯನ್ನು ತಿಳಿನೀರಿನ ಸಿಮೆಂಟ್ ತೊಟ್ಟಿಯಲ್ಲಿ ಹಾಕಿದರೆ ಅಂಕಿ ಏರುತ್ತದೆ. ಹಸಿರು ಹೊಂಡದಲ್ಲಿ ಮೀನು ಹಗಲಿಡೀ ಪ್ಲವಕ ತಿನ್ನುತ್ತಿರುತ್ತದೆ. ತೂಕವೆಲ್ಲ ಚೀಲದ ಖಾತೆಗೆ ಜಮೆಯಾಗುತ್ತದೆ. ಗೆಂಡೆ ಮೀನಿಗೆ 1.5ರಿಂದ 2 ಎಂದು ಲೆಕ್ಕ ಇಟ್ಟುಕೊಂಡರೆ ಮೋಸವಿಲ್ಲ. ಗುಳಿಗೆ ಒಣಗಿದ್ದು, ಮೀನಿನ ಮುಕ್ಕಾಲು ಭಾಗ ನೀರು, ಇದನ್ನೂ ಮರೆಯಬಾರದು. 1.5 ಕೆ.ಜಿ. ಗುಳಿಗೆಯಲ್ಲಿ ಒಣಪದಾರ್ಥ ಸುಮಾರು 1.35 ಕೆ.ಜಿ., ಒಂದು ಕೆ.ಜಿ. ಮೀನಿನಲ್ಲಿ ಕಾಲು ಕೆ.ಜಿ. ಉಳಿದ ಒಂದು ಕೆ.ಜಿ.ಗಿಂತ ಹೆಚ್ಚಿನದು ಉಸಿರಾಟದಲ್ಲಿ ಕಳೆದದ್ದು, ಇಲ್ಲವೇ ನೀರಿಗೆ ಸೇರಿದ್ದು.

ನೀರಿಗೆ ಸೇರಿದ್ದು ಏನಾಗುತ್ತದೆ? ಕೃಷಿ ಭಾಗ್ಯ ಯೋಜನೆಯ 21 ಮೀಟರ್ ಚೌಕದ ಹೊಂಡ ತೆಗೆದುಕೊಳ್ಳಿ, ಮೇಲ್ಮೈ 441 ಚದರ ಮೀಟರ್. 250 ಬೆರಳುದ್ದದ ಮರಿ ಬಿಟ್ಟು 200 ಉಳಿದಿವೆ, ತಲಾ 200 ಗ್ರಾಂ ಎನ್ನಿ. ಒಟ್ಟು 40 ಕೆ.ಜಿ. ಮೀನು, ದಿನಕ್ಕೆ ತೂಕದ ಶೇ. 3, ಅಂದರೆ 1.2 ಕೆ.ಜಿ. ಗುಳಿಗೆ. ಅದರಲ್ಲಿ 336 ಗ್ರಾಂ ಪ್ರೋಟೀನು, 54 ಗ್ರಾಂ ಸಾರಜನಕ. ಮೀನು ಮೈಗೂಡಿಸಿಕೊಳ್ಳುವುದು ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗ. ಮಿಕ್ಕದ್ದು ಬಹುಪಾಲು ಕಿವಿರಿನಿಂದ ಅಮೋನಿಯಾ ಆಗಿ, ಸ್ವಲ್ಪ ಹಿಕ್ಕೆಯಾಗಿ ಹೊರಬೀಳುತ್ತದೆ. ದಿನವೂ ಹೊಂಡಕ್ಕೆ 80 ಗ್ರಾಂ ಯೂರಿಯಾ ಎರಚಿದಷ್ಟೇ ಅದು! ಸಸ್ಯಪ್ಲವಕ ಅದನ್ನು ಹೀರಿ ಬೆಳೆಯುತ್ತದೆ, ಪ್ರಾಣಿಪ್ಲವಕ ಅದನ್ನು ತಿನ್ನುತ್ತದೆ, ಕಾಟ್ಲಾ ಇದನ್ನು ಸೋಸುತ್ತದೆ. ಗುಳಿಗೆ ಕಚ್ಚದ ಕಾಟ್ಲಾ ಕೂಡ ಗುಳಿಗೆ ಹಾಕಿದ ಹೊಂಡದಲ್ಲಿ ಬೆಳೆಯುವುದು ಈ ಸುತ್ತುದಾರಿಯಿಂದ. ಹಾಗಾಗಿ ಗುಳಿಗೆ ಶುರುವಾದ ಮೇಲೂ ಹದಿನೈದು ದಿನಕ್ಕೊಮ್ಮೆ ಸಗಣಿ ಹಾಕುತ್ತಲೇ ಇರುವವರು ಒಂದೇ ಹೊಂಡಕ್ಕೆ ಎರಡು ಗೊಬ್ಬರ ಕೊಡುತ್ತಿರುತ್ತಾರೆ.

ಮೊದಲೆರಡು ತಿಂಗಳು ಚೀಲ ಬೇಡ ಎಂದದ್ದಕ್ಕೆ ಕಾರಣವೂ ಇದೇ. ಮರಿ ಹಂತದಲ್ಲಿ ಮೂರು ಜಾತಿಯೂ ಪ್ರಾಣಿಪ್ಲವಕ ತಿನ್ನುತ್ತವೆ, ಪ್ಲವಕದ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನೇ ಇರುತ್ತದೆ. ಪ್ರೋಟೀನು ನೀರಿನಲ್ಲೇ ಧಾರಾಳ. ಕಡಿಮೆ ಬೀಳುವುದು ಶಕ್ತಿ, ಅದಕ್ಕೆ ತೌಡು ಸಾಕು. ಈ ಅಳತೆಯ ಹೊಂಡಕ್ಕೆ ಮೊದಲು 11 ಕೆ.ಜಿ. ಸುಣ್ಣ, ವಾರ ಬಿಟ್ಟು 90 ಕೆ.ಜಿ. ಹಸಿ ಸಗಣಿ, ಆಮೇಲೆ ಹದಿನೈದು ದಿನಕ್ಕೊಮ್ಮೆ 20 ಕೆ.ಜಿ. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾಗಿ ಕಂಡರೆ ನೀರು ಹದವಾಗಿದೆ. ಅರ್ಧ ಮುಂಗೈಯಲ್ಲೇ ಮರೆಯಾದರೆ ಸಗಣಿ ನಿಲ್ಲಿಸಿ. ಮೀನಿನ ಒಟ್ಟು ತೂಕ ಏರಿದಂತೆ ತಲೆಗೆ ಸಿಗುವ ಪ್ಲವಕ ಇಳಿಯುತ್ತದೆ, ಬೆಳವಣಿಗೆ ಕುಂಟುತ್ತದೆ. ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ತೂಗಿದರೆ ಅದು ಗೊತ್ತಾಗುತ್ತದೆ, ಚೀಲ ತರುವ ಸಮಯ ಅದೇ.

ತಂದ ಮೇಲೆ ಬಕೆಟ್ ಪರೀಕ್ಷೆ. ಹೊಂಡದ ನೀರಿಗೆ ನೂರು ಗುಳಿಗೆ ಎಣಿಸಿ ಹಾಕಿ ಅರ್ಧ ಗಂಟೆ ಬಿಡಿ. ತೊಂಬತ್ತೈದಾದರೂ ತೇಲುತ್ತಿರಬೇಕು. ಒಂದನ್ನು ಬೆರಳಲ್ಲಿ ಒತ್ತಿ ನೋಡಿ: ಒಳ್ಳೆಯದು ಸ್ಪಂಜಿನಂತೆ ಉಬ್ಬಿ ಮೆತ್ತಗಾಗಿರುತ್ತದೆ, ಆದರೂ ಒಡೆಯುವುದಿಲ್ಲ. ಒಳಗೆ ಇನ್ನೂ ಗಟ್ಟಿ ಕಾಳು ಸಿಕ್ಕರೆ ಸರಿಯಾಗಿ ಬೆಂದಿಲ್ಲ. ಮುಟ್ಟಿದೊಡನೆ ಹಿಟ್ಟಾದರೆ ಅಂಟು ಸಾಲದು. ಒಂದು ಕೆ.ಜಿ. ಜರಡಿ ಹಿಡಿದಾಗ 20 ಗ್ರಾಂಗಿಂತ ಹೆಚ್ಚು ಪುಡಿ ಬಿದ್ದರೆ ಅಷ್ಟು ದುಡ್ಡು ನೀರಿಗೆ ಹೋದಂತೆ. ಮುಗ್ಗಲು ವಾಸನೆ ಬಂದ ಚೀಲವನ್ನು ಬಿಸಿಲಿಗೆ ಹರವಿ ಸರಿಮಾಡುವ ರೂಢಿಯಿದೆ, ಅದು ತಪ್ಪು. ಬೂಷ್ಟು ಸಾಯಬಹುದು, ಅದು ಬಿಟ್ಟುಹೋದ ಅಫ್ಲಟಾಕ್ಸಿನ್ ಎಂಬ ವಿಷ ಬಿಸಿಲಿಗೆ ಹೋಗುವಂಥದ್ದಲ್ಲ. ಗುಳಿಗೆಯ ಗಾತ್ರ ಬಾಯಿಗೆ ತಕ್ಕದ್ದಿರಲಿ: 50 ಗ್ರಾಂ ಮೀನಿಗೆ 2 ಮಿ.ಮೀ., 100 ದಾಟಿದ ಮೇಲೆ 3, ಕಾಲು ಕೆ.ಜಿ. ದಾಟಿದ ಮೇಲೆ 4.

ಹಾಕುವ ಕ್ರಮದಲ್ಲಿ ಕೆಡುವುದೇ ಹೆಚ್ಚು. ಬಿದಿರಿನದೋ ಪಿವಿಸಿ ಪೈಪಿನದೋ ತೇಲುವ ಚೌಕಟ್ಟು ಕಟ್ಟಿ ಅದರೊಳಗೇ ಹಾಕಿ, ಇಲ್ಲದಿದ್ದರೆ ಗಾಳಿ ಗುಳಿಗೆಯನ್ನು ದಂಡೆಗೆ ಒಯ್ದು ಕಾಗೆಗೆ ಕೊಡುತ್ತದೆ. ಬೆಳಿಗ್ಗೆ 9ರ ನಂತರ ಅರ್ಧ, ಸಂಜೆ 4ಕ್ಕೆ ಅರ್ಧ. ನಸುಕಿನಲ್ಲಿ ಹಾಕಬೇಡಿ, ರಾತ್ರಿಯಿಡೀ ಪಾಚಿಯೂ ಉಸಿರಾಡಿ ಆ ಹೊತ್ತಿಗೆ ಆಮ್ಲಜನಕ ತಳ ಮುಟ್ಟಿರುತ್ತದೆ. 25 ನಿಮಿಷದಲ್ಲಿ ಖಾಲಿಯಾಗದಿದ್ದರೆ ಮರುದಿನ ಕಾಲು ಭಾಗ ಕಡಿಮೆ ಮಾಡಿ. ತೇಲುವ ಗುಳಿಗೆಯ ಅತಿ ದೊಡ್ಡ ಗುಣ ಇದೇ, ಉಳಿದದ್ದು ಕಣ್ಣಿಗೆ ಕಾಣುತ್ತದೆ. ಮೋಡ ಕವಿದ ದಿನ ಅರ್ಧ ಸಾಕು. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಆಹಾರ, ಗೊಬ್ಬರ ಎರಡೂ ಬಂದ್, ಹೊಸ ನೀರು ಬಿಡಿ. ಹಸಿವಿನಿಂದ ಬಂದಿವೆ ಎಂದು ಇನ್ನೊಂದು ಬೊಗಸೆ ಹಾಕುವವರೇ ಹೊಂಡ ಕಳೆದುಕೊಳ್ಳುವುದು.

ಪ್ಲಾಸ್ಟಿಕ್ ಹೊದಿಸಿದ ಹೊಂಡದಲ್ಲಿ ಕೆಸರಿಲ್ಲ. ಕೆಸರಿಲ್ಲದ ಕಡೆ ವಿಘಟಕಗಳ (ಕಸ ಕೊಳೆಸುವ ಸೂಕ್ಷ್ಮಜೀವಿಗಳ) ಸರಪಳಿ ದುರ್ಬಲ, ಪೋಷಕಾಂಶ ಹಿಡಿದಿಟ್ಟು ಮೆಲ್ಲಗೆ ಬಿಡುವ ತಳವೇ ಅಲ್ಲಿಲ್ಲ. ಮೃಗಾಲ್‌ಗೆ ಅಲ್ಲಿ ಊಟ ಕಡಿಮೆ, ತಳದಲ್ಲೇ ಮೇಯುವ ಸಾಮಾನ್ಯ ಗೆಂಡೆಯದೂ (ಕಾಮನ್ ಕಾರ್ಪ್) ಅದೇ ಪಾಡು. ಮಣ್ಣಿನ ಹೊಂಡಕ್ಕೆ ಹೇಳುವ 4:3:3ರ (ಕಾಟ್ಲಾ, ರೋಹು, ಮೃಗಾಲ್) ಪ್ರಮಾಣವನ್ನು ಇಲ್ಲಿ ಬಿಟ್ಟು, ರೋಹು ಆರು, ಕಾಟ್ಲಾ ಮೂರು, ಮೃಗಾಲ್ ಒಂದು ಎಂದು ಬಿಡುವುದು ಸೂಕ್ತ. ಗುಳಿಗೆಯನ್ನೂ ಮೊದಲ ತಿಂಗಳಿಂದಲೇ ಸಣ್ಣ ಪ್ರಮಾಣದಲ್ಲಿ ಶುರುಮಾಡಬೇಕಾಗುತ್ತದೆ.

ಖರ್ಚಿಗೆ ನಿಮ್ಮೂರಿನ ದರ ಹಾಕಿಕೊಳ್ಳಿ. ಉದಾಹರಣೆಗೆ ಗುಳಿಗೆ ಕೆ.ಜಿ.ಗೆ 45 ರೂಪಾಯಿ, ಎಫ್‌ಸಿಆರ್ 1.7 ಎಂದರೆ ಮೀನಿನ ಕೆ.ಜಿ.ಗೆ 76 ರೂಪಾಯಿ ಆಹಾರದ್ದೇ. ತೌಡು 22, ಹಿಂಡಿ 48 ಇದ್ದು ಮೂರಕ್ಕೆ ಒಂದರಂತೆ ಬೆರೆಸಿದರೆ ಮಿಶ್ರಣಕ್ಕೆ 28.50, ಅದರ ಎಫ್‌ಸಿಆರ್ 2.5 ಎಂದು ಹಿಡಿದರೆ 71. ವ್ಯತ್ಯಾಸ ಐದೇ ರೂಪಾಯಿ, ಅದೂ ಮಿಶ್ರಣವನ್ನು ಎರಚದೆ ತೂತು ಮಾಡಿದ ಚೀಲದಲ್ಲಿ ತುಂಬಿ ಗೂಟಕ್ಕೆ ಕಟ್ಟಿ ತಿನ್ನಿಸಿದಾಗ. ಕೊಲ್ಲೇರು ಸರೋವರದ ಸುತ್ತಿನ ಆಂಧ್ರದ ಸಾಕಣೆದಾರರು ಎಣ್ಣೆ ತೆಗೆದ ತೌಡನ್ನು ಹೀಗೇ ಕೊಡುತ್ತಾರೆ. ಎಕರೆಗೆ ಎರಡು ಸಾವಿರ ಮರಿ ಬಿಟ್ಟವರಿಗೆ, ಕೊಟ್ಟಿಗೆಯಲ್ಲಿ ಸಗಣಿ ಇರುವವರಿಗೆ ಈ ಕಟ್ಟುಚೀಲ ಸಾಕು. ನಾಲ್ಕು ಸಾವಿರ ಬಿಟ್ಟವರು ಗುಳಿಗೆಯಿಲ್ಲದೆ ವರ್ಷದೊಳಗೆ ಮಾರಾಟದ ತೂಕ ಮುಟ್ಟಿಸುವುದು ಕಷ್ಟ. ಅಂಥವರೂ ಒಮ್ಮೆಗೆ ಒಂದು ತಿಂಗಳಿಗೆ ಬೇಕಾದಷ್ಟನ್ನೇ ತಂದು, ಗೋಡೆಯಿಂದ ಒಂದಡಿ ದೂರ, ನೆಲದಿಂದ ಮೇಲೆ ಹಲಗೆಯ ಮೇಲಿಡಲಿ. ತಗಡಿನ ಶೆಡ್ಡಿನ ಸೆಕೆಯಲ್ಲಿ ಮೊದಲು ಹಾಳಾಗುವುದು ವಿಟಮಿನ್ ಸಿ, ಆಮೇಲೆ ಕೊಬ್ಬು.