ರಂಗನತಿಟ್ಟು ದೋಣಿ ಸೂಪರ್, ಬಾಡಿಗೆ ಲೆನ್ಸ್ ಅಂಗಡಿ ಅಷ್ಟಕ್ಕಷ್ಟೇ

ಭಾನುವಾರ ಬೆಳಿಗ್ಗೆನೇ ಮೈಸೂರಿಂದ ಹೊರಟು ಕಾಲೇಜ್ ಹುಡುಗ್ರ ಜೊತೆ ರಂಗನತಿಟ್ಟಿಗೆ ಹೋಗಿದ್ವಿ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ್ಮೇಲೆ 1940ರಲ್ಲಿ ಮಹಾರಾಜ್ರು ಪಕ್ಷಿಧಾಮ ಮಾಡಿದ ಜಾಗ, 2022ರಲ್ಲಿ ರಾಮ್ಸಾರ್ ಅನ್ನೋ ಅಂತರರಾಷ್ಟ್ರೀಯ ಜೌಗುಪ್ರದೇಶಗಳ ಪಟ್ಟಿಗೂ ಸೇರ್ತು.

ದೋಣಿ ಸವಾರಿಗೆ ಫುಲ್ ಮಾರ್ಕ್ಸ್! ಹುಟ್ಟು ಹಾಕೋ ಅಣ್ಣ ಬಣ್ಣದ ಕೊಕ್ಕರೆ ಗೂಡಿನ ಹತ್ರ ನಿಧಾನ ಮಾಡಿ, ಬೆಳಕು ನಮ್ಮ ಬೆನ್ನಿಗೆ ಬರೋ ಹಂಗೆ ತಿರುಗಿಸಿ ನಿಲ್ಸಿದ್ರು, ಬಂಡೆ ಮೇಲೆ ಬಾಯ್ಬಿಟ್ಕೊಂಡು ಮಲಗಿದ್ದ ಮೊಸಳೆನೂ ಅವ್ರೇ ತೋರ್ಸಿದ್ದು, ನಾವು ಅದನ್ನ ಕಲ್ಲು ಅನ್ಕೊಂಡಿದ್ವಿ. ಟ್ರೈಪಾಡ್ ಹೊತ್ಕೊಂಡು ಹೋಗ್ಬೇಡಿ, ದೋಣಿ ಅಲ್ಲಾಡುತ್ತೆ, ಶಟರ್ ಸ್ಪೀಡ್ 1/2000 ಸೆಕೆಂಡ್ ಇಟ್ಟು ಕೈಯಲ್ಲೇ ಹೊಡೀರಿ, ಬಿಳಿ ಹಕ್ಕಿಗೆ ಎಕ್ಸ್‌ಪೋಷರ್ (ಫೋಟೊಗೆ ಬೀಳೋ ಬೆಳಕು) ಸ್ವಲ್ಪ ಇಳಿಸಿ ಇಲ್ಲಾಂದ್ರೆ ಗರಿ ಎಲ್ಲಾ ಸುಣ್ಣ ಬಳ್ದಂಗೆ ಬರುತ್ತೆ.

ಬೇಜಾರಾಗಿದ್ದು ಮೈಸೂರಿನ ಒಂದು ಬಾಡಿಗೆ ಅಂಗಡಿ. ದೂರದ ಹಕ್ಕಿ ಹೊಡೆಯೋಕೆ 150-600 ಎಂಎಂ ಝೂಮ್ ಲೆನ್ಸ್ ಕೊಟ್ರು, ಗಾಜಿನ ಮೇಲೆ ಗೀರು, ವಾಪಸ್ ಕೊಡೋವಾಗ ನೀವೇ ಮಾಡಿದ್ದು ಅಂತ ವಾದ. ತಗೊಳ್ಳುವಾಗ್ಲೇ ಮೊಬೈಲಲ್ಲಿ ಫೋಟೊ ಹೊಡ್ಕೊಂಡಿದ್ದೆ, ಬಚಾವ್.

ಜನವರಿ-ಫೆಬ್ರವರಿಲಿ ಹೋಗಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಜಾಸ್ತಿ ನೀರು ಬಿಟ್ರೆ ದೋಣಿನೇ ನಿಲ್ಲಿಸ್ತಾರೆ.