ಮೂರು ಹೆಡ್‌ಫೋನು, ಒಂದು ತಂಬೂರಿ

20 ವರ್ಷ ಅಕ್ಕನ ಕಛೇರಿಗಳಲ್ಲಿ ಅವಳ ಬೆನ್ನ ಹಿಂದೆ ತಂಬೂರಿ ಹಿಡಿದು ಕೂತವಳು ನಾನು. ಹಾಡಲು ಬರುವುದಿಲ್ಲ, ಮೀಟಲು ಬರುತ್ತದೆ. ಹಾಗಾಗಿ ಭಾವನ ಮನೆಯಲ್ಲಿ ಭಾನುವಾರ ಅವರ ಆಡಿಯೋ ಗೆಳೆಯರೆಲ್ಲ ಸೇರಿ ಯಾವ ಹೆಡ್‌ಫೋನು ಮೇಲು ಎಂದು ವಾದಕ್ಕೆ ಕೂತರೆ, ನಾನು ಮೊದಲು ಹಾಕಿಸುವುದು ತಂಬೂರಿ. ಅವರಿಗೆ ಇದು ತಮಾಷೆ. ನನಗಲ್ಲ.

ತಂಬೂರಿಯಲ್ಲಿ ಇರುವುದು ನಾಲ್ಕೇ ತಂತಿ. ಪಂಚಮ, ಸಾರಣಿ, ಅನುಸಾರಣಿ, ಮಂದ್ರ. ಆದರೆ ಕುದುರೆಯ ಮೇಲೆ, ಅಂದರೆ ತಂತಿಗಳನ್ನು ಹೊರುವ ಸಣ್ಣ ಸೇತುವೆಯ ಮೇಲೆ, ಪ್ರತಿ ತಂತಿಯ ಕೆಳಗೂ ಒಂದು ಎಳೆ ದಾರ ಇರುತ್ತದೆ, ಜೀವಾಳ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಬರೀ 'ಟೊಂಯ್' ಎನ್ನುತ್ತಿದ್ದ ತಂತಿ ಝೇಂಕರಿಸಲು ಶುರು ಮಾಡುತ್ತದೆ. ಆ ಝೇಂಕಾರವೆಲ್ಲ ಮೇಲಿನ ಸ್ವರಾಂಶಗಳು. ಹೆಡ್‌ಫೋನಿನಲ್ಲಿ ಟ್ರೆಬಲ್, ಅಂದರೆ ಮೇಲಿನ ಸದ್ದು, ಕಮ್ಮಿಯಾದರೆ ಜೀವಾಳ ತೆಗೆದ ಹಾಗೆ ಕೇಳುತ್ತದೆ. ಜಾಸ್ತಿಯಾದರೆ ತಗಡು ಬಡಿದ ಹಾಗೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ನಾಲ್ಕು ಭಾನುವಾರ ಮೂರು ಹೆಡ್‌ಫೋನು ಕೇಳಿದೆವು. ಒಂದು ನನ್ನದೇ ಹಳೆಯ ಸೆನ್‌ಹೈಸರ್ ಎಚ್‌ಡಿ 600, ಸೆಕೆಂಡ್ ಹ್ಯಾಂಡ್. 1997ರಲ್ಲಿ ಬಂದ ಮಾಡೆಲ್ಲು, ನೀಲಿ-ಬೂದು ಚುಕ್ಕೆ ಚುಕ್ಕೆ, ನಮ್ಮ ಹಳೇ ಬಚ್ಚಲುಮನೆಯ ಮೊಸಾಯಿಕ್ ನೆಲದ ಬಣ್ಣ. ಎರಡನೆಯದು ಅದೇ ಕಂಪನಿಯ, ಭಾವನ ಎಚ್‌ಡಿ 800 ಎಸ್. ಮೂರನೆಯದು ಭಾವನ ಜೊತೆ ಬ್ಯಾಂಕಿನಲ್ಲಿರುವ ಗೆಳೆಯರೊಬ್ಬರದು, ಅಮೆರಿಕದ ಕಂಪನಿಯ ಎಲ್‌ಸಿಡಿ-ಎಕ್ಸ್. ಆ ಕಂಪನಿಯ ಹೆಸರು Audeze, ಅದನ್ನು 'ಆಡಿಸಿ' ಎಂದು ಹೇಳಬೇಕಂತೆ. ಕನ್ನಡದವರಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಶುರುವಿನಲ್ಲೇ ಒಂದು ದೊಡ್ಡ ತಪ್ಪು ಮಾಡಿದೆವು. ಮೊದಲ ಭಾನುವಾರ ಸುಮ್ನೆ ಒಂದರ ಪಿನ್ ಕಿತ್ತು ಇನ್ನೊಂದರದು ಸಿಕ್ಕಿಸಿ ಕೇಳಿದೆವು. ಆಂಪ್ಲಿಫಯರಿನ ಗುಂಡಿ ಇದ್ದಲ್ಲೇ ಇತ್ತು. ಎಲ್‌ಸಿಡಿ-ಎಕ್ಸ್ ಗೆದ್ದಿತು, ಎಲ್ಲರೂ ಒಪ್ಪಿದರು. ಗೆಲ್ಲದೆ ಏನು? ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಅದು 20 ಓಮ್‌ನದು, ಉಳಿದೆರಡೂ 300 ಓಮ್. ಅದೇ ಗುಂಡಿಗೆ ಅದು ಎಷ್ಟೋ ಜೋರಾಗಿ ಕೇಳುತ್ತದೆ. ಜೋರಾಗಿರುವುದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳುತ್ತದೆ. ವ್ಯತ್ಯಾಸ ಒಂದು ಡೆಸಿಬೆಲ್ ಆದರೂ ಸಾಕು, ಅದು ಜೋರು ಎಂದು ಅನಿಸುವುದಿಲ್ಲ, 'ಸ್ಪಷ್ಟ' ಎಂದು ಅನಿಸುತ್ತದೆ. ನನ್ನ ಪ್ರಕಾರ ಅರ್ಧ ಜಗಳ ಇಲ್ಲೇ ಹುಟ್ಟುವುದು.

ಎರಡನೇ ವಾರ ರಟ್ಟಿನಲ್ಲಿ ತೂತು ಕೊರೆದು, ಹಿಂದೆ ಫೋನಿನ ಮೈಕ್ ಇಟ್ಟು, ಮೇಲೆ ಹೆಡ್‌ಫೋನು ಒತ್ತಿ ಹಿಡಿದು, ಮಳೆ ಸುರಿದ ಹಾಗಿನ ಪಿಂಕ್ ನಾಯ್ಸ್ ಹಾಕಿ ಮೂರನ್ನೂ ಒಂದೇ ಮಟ್ಟಕ್ಕೆ ತಂದೆವು. ಗುಂಡಿಯ ಪಕ್ಕ ಪೆನ್ಸಿಲಿನಲ್ಲಿ ಮೂರು ಗೆರೆ. ಲ್ಯಾಬಿನವರು ಕಂಡರೆ ನಗುತ್ತಾರೆ, ಆದರೆ ಕಿವಿಯ ಅಂದಾಜಿಗಿಂತ ವಾಸಿ. ಗೆರೆ ಹಾಕಿದ ಮೇಲೆ ಯಾರೂ ಮೊದಲಿನಷ್ಟು ಧೈರ್ಯವಾಗಿ ಮಾತಾಡಲಿಲ್ಲ.

ಕೇಳಿದ್ದು ಮುಖ್ಯವಾಗಿ ಅಕ್ಕನದೇ ಒಂದು ರಾಮನವಮಿ ಕಛೇರಿ. ಮೊದಲ ಸಾಲಿನ ಮುಂದೆ ಸ್ಟ್ಯಾಂಡಿನ ಮೇಲೆ ಸಣ್ಣ ರೆಕಾರ್ಡರ್ ಇಟ್ಟು ನಾನೇ ಮಾಡಿಕೊಂಡಿದ್ದು. ತೋಡಿ ಆಲಾಪನೆ, ಆಮೇಲೆ ತನಿ ಆವರ್ತನ, ಮೃದಂಗದವರು ಒಬ್ಬರೇ ನುಡಿಸುವ ಭಾಗ.

ಎಚ್‌ಡಿ 600 ಹಾಕಿಕೊಂಡರೆ ಅಕ್ಕ ಎದುರಿಗೇ ಕೂತು ಹಾಡುತ್ತಾಳೆ. ಗಂಟಲಿನ ಆ ಸ್ವಲ್ಪ ಒರಟು, ಮೇಲಿನ ಷಡ್ಜಕ್ಕೆ ಹೋಗುವ ಮೊದಲು ಎಳೆದುಕೊಳ್ಳುವ ಉಸಿರು, ಎಲ್ಲ ಇದ್ದ ಹಾಗೇ ಇದೆ. ಮನುಷ್ಯರ ದನಿಯ ವಿಷಯದಲ್ಲಿ ಇದನ್ನು ಸೋಲಿಸುವುದು ಕಷ್ಟ, ದುಡ್ಡು ನಾಲ್ಕೈದು ಪಟ್ಟು ಜಾಸ್ತಿ ಕೊಟ್ಟರೂ. ಕೊರತೆ ಇಲ್ಲ ಅಂತಲ್ಲ. ಮಂದ್ರ ತಂತಿಯ ತಳ ಇರುವುದಿಲ್ಲ, ಬರೀ ಗುರುತು ಇರುತ್ತದೆ. ಜಾಗ ಚಿಕ್ಕದು, ಪಿಟೀಲು, ಮೃದಂಗ, ಹಾಡುಗಾರ್ತಿ ಮೂವರೂ ಒಂದೇ ಚಾಪೆಯ ಮೇಲೆ ಕೂತ ಹಾಗೆ. ಹೊಸದರಲ್ಲಿ ತಲೆಯನ್ನು ಇಕ್ಕಳದ ಹಾಗೆ ಹಿಡಿಯುತ್ತದೆ ಎಂದು ಕೊಂಡವರೆಲ್ಲ ಹೇಳುತ್ತಾರೆ. ನನ್ನದು ಯಾರದೋ ತಲೆಯಲ್ಲಿ ಆಗಲೇ ಸಡಿಲಾಗಿ ಬಂದಿತ್ತು.

ಎಚ್‌ಡಿ 800 ಎಸ್ ಬೇರೆಯೇ ಪ್ರಪಂಚ. ಇದರ ಬಟ್ಟಲು ಎಷ್ಟು ದೊಡ್ಡದೆಂದರೆ ಕಿವಿ ಎಲ್ಲೂ ತಾಗುವುದಿಲ್ಲ. ಡ್ರೈವರನ್ನು, ಅಂದರೆ ಸದ್ದು ಹೊರಡಿಸುವ ಭಾಗವನ್ನು, ಕಿವಿಯಿಂದ ದೂರದಲ್ಲಿ, ಓರೆಯಾಗಿ ಕೂರಿಸಿದ್ದಾರೆ, ಹಾಗಾಗಿ ಸದ್ದು ತಲೆಯೊಳಗಿಂದ ಹೊರಗೆ ಹೋಗುತ್ತದೆ. ಇಷ್ಟು ದೊಡ್ಡದಾದರೂ ತೂಕ 330 ಗ್ರಾಂ ಮಾತ್ರ. ತೋಡಿ ಶುರುವಾಗುವ ಮುಂಚೆ ಆ ಹಾಲ್ ಕಂಡಿತು ನನಗೆ. ಬಲಗಡೆ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಹಿಂದೆಲ್ಲೋ ಕೋಸಂಬರಿ ಹಂಚುವ ದೊನ್ನೆಗಳ ಸದ್ದು. ಅಕ್ಕನ ಬಳೆ ತಾಳದ ಪೆಟ್ಟಿಗೆ ತೊಡೆಯ ಮೇಲೆ ಕಿಣಿ ಅಂದಿತು. ತಂಬೂರಿಯಲ್ಲಂತೂ ಸಾರಣಿ, ಅನುಸಾರಣಿ ಎರಡರ ನಡುವೆ ನಿಧಾನಕ್ಕೆ ಏಳುವ, ಬೀಳುವ ಒಂದು ಸಣ್ಣ ಅಲೆ. ಇಂಥ ವಿವರ ಯಾವ ಹೆಡ್‌ಫೋನಿನಲ್ಲೂ ಕೇಳಿರಲಿಲ್ಲ. "ಭಾವ, ಈ ಅಲೆ ಕೇಳಿ" ಎಂದು ಎಲ್ಲರಿಗೂ ಕೇಳಿಸಿದೆ. ಎಲ್ಲರೂ ತಲೆದೂಗಿದರು.

ಆದರೆ ಪಿಟೀಲು ಮೇಲಿನ ಸ್ಥಾಯಿಗೆ ಹೋದಾಗ ಕಮಾನಿನ ಸದ್ದು ಸೂಜಿಯಾಗುತ್ತದೆ. 2009ರಲ್ಲಿ ಬಂದ ಮೊದಲ ಎಚ್‌ಡಿ 800 ಈ ವಿಷಯದಲ್ಲಿ ಇನ್ನೂ ಕಟುವಾಗಿತ್ತು, ಮೇಲಿನ ಸದ್ದಿನಲ್ಲಿ, 6 ಕಿಲೋಹರ್ಟ್ಸ್ ಹತ್ತಿರ, ಒಂದು ಏರು. 2016ರ ಎಸ್‌ನಲ್ಲಿ ಆ ಅನುರಣನೆಯನ್ನು ಹೀರಿಕೊಳ್ಳುವ ವ್ಯವಸ್ಥೆ ಮಾಡಿ ತಗ್ಗಿಸಿದ್ದಾರೆ. ಪೂರ್ತಿ ಹೋಗಿಲ್ಲ. ಭಾವ ಕಂಪ್ಯೂಟರಿನ ಈಕ್ವಲೈಜರಿನಲ್ಲಿ, ಸದ್ದಿನ ಒಂದೊಂದು ಭಾಗವನ್ನು ಬೇರೆ ಬೇರೆ ಏರಿಸುವ ಇಳಿಸುವ ಸಾಧನದಲ್ಲಿ, ಅಲ್ಲಿ ಒಂದೆರಡು ಡೆಸಿಬೆಲ್ ಇಳಿಸಿದರು, ಪಿಟೀಲು ಮರ್ಯಾದಸ್ಥರ ಹಾಗೆ ಕೂತಿತು. ಲಕ್ಷ ದಾಟಿದ ವಸ್ತುವಿಗೆ ಈಕ್ವಲೈಜರ್ ಹಾಕುವುದು ಪಾಪ ಎನ್ನುವವರೂ ಆ ರೂಮಿನಲ್ಲಿದ್ದರು. ನಾವು ಜೀವಾಳ ಸರಿಸುವುದಿಲ್ವಾ, ಹಾಗೇ ಇದು.

ಇನ್ನೊಂದು ಮಾತು. ದೊರೆಸ್ವಾಮಿ ಅಯ್ಯಂಗಾರರ ಹಳೆಯ ಬಾನುಲಿ ವೀಣೆ ಹಾಕಿದರೆ ಈ ವಿಶಾಲ ಜಾಗ ಯಾವ ಕೆಲಸಕ್ಕೂ ಬರುವುದಿಲ್ಲ. ಮೋನೋ ರೆಕಾರ್ಡಿಂಗ್, ಎರಡು ಕಿವಿಗೂ ಒಂದೇ ಸದ್ದು, ವೀಣೆ ನಡುವಿನಲ್ಲಿ ಪುಟ್ಟದಾಗಿ ಕೂರುತ್ತದೆ, ಟೇಪಿನ ಸುಯ್ ಎನ್ನುವ ಸದ್ದು ಎದ್ದು ಕಾಣುತ್ತದೆ. ಹಳೆಯದನ್ನೇ ಜಾಸ್ತಿ ಕೇಳುವವರಿಗೆ 600 ಸಾಕು.

ಎಲ್‌ಸಿಡಿ-ಎಕ್ಸ್‌ನಲ್ಲಿ ನನಗೆ ಸಿಕ್ಕಿದ್ದು ಮೃದಂಗ. ಇದರಲ್ಲಿ ಸ್ಪೀಕರಿನಲ್ಲಿರುವಂಥ ಕೋನ್ ಇಲ್ಲ, ಅಯಸ್ಕಾಂತಗಳ ಎದುರು ತೆಳ್ಳನೆಯ ಹಾಳೆಯೊಂದು ಇಡಿಯಾಗಿ ಅಲುಗುತ್ತದೆ, ಪ್ಲೇನಾರ್ ಎನ್ನುತ್ತಾರೆ. ತಳದ ಸದ್ದು ಕುಸಿಯುವುದೇ ಇಲ್ಲ. ಮೃದಂಗದ ಎಡ ಮುಖಕ್ಕೆ ಹಚ್ಚುವ ರವೆಯ ಒದ್ದೆ ಭಾರ ಗೊತ್ತಾಗುತ್ತದೆ. ಅಂಗೈ ಬುಡದಿಂದ ಒತ್ತಿ ಗುಮುಕಿ ಎಳೆದಾಗ ಆ 'ಗುಂ' ಬಾಗಿ ಮೇಲೇರುವುದು ಇದರಲ್ಲಿ ಪೂರ್ತಿ ಕೇಳಿತು. ಉಳಿದೆರಡರಲ್ಲಿ ಆ ಬಾಗು ಊಹೆ. ಆದರೆ ಅಕ್ಕ ಒಂದು ಹೆಜ್ಜೆ ಹಿಂದಕ್ಕೆ ಹೋದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ. ಮತ್ತೆ ತೂಕ! 612 ಗ್ರಾಂ. ಅರ್ಧ ಕೆಜಿ ಸಕ್ಕರೆ ಪೊಟ್ಟಣಕ್ಕಿಂತ ಜಾಸ್ತಿ ತಲೆಯ ಮೇಲೆ. ತನಿ ಮುಗಿಯುವ ಹೊತ್ತಿಗೆ ಕತ್ತು ಕೂಡ ತಾಳ ತಪ್ಪುತ್ತಿತ್ತು.

ಈ ತೂಕದಿಂದಲೇ ನಮ್ಮ ಕಣ್ಣು ಕಟ್ಟುವ ಪರೀಕ್ಷೆ ಕೆಟ್ಟಿತು. ಅಕ್ಕನ ಮಗ ನನ್ನ ಕಣ್ಣಿಗೆ ಟವೆಲ್ ಕಟ್ಟಿ ಒಂದೊಂದಾಗಿ ತೊಡಿಸಿದ. ಹಾಡು ಶುರುವಾಗುವ ಮುಂಚೆಯೇ ಮೂರಕ್ಕೆ ಮೂರೂ ಹೇಳಿದೆ. ಕಿವಿಯಿಂದಲ್ಲ, ನೆತ್ತಿಯಿಂದ! ಸ್ಪೀಕರಿಗಾದರೆ ಪರದೆ ಎಳೆಯಬಹುದು, ಹೆಡ್‌ಫೋನಿಗೆ ಎಲ್ಲಿಂದ? ಆಡಿಯೋ ಉಪಕರಣ ಮಾಡುವ ಹರ್ಮನ್ ಕಂಪನಿಯ ಷಾನ್ ಓಲಿವ್ ಮತ್ತು ಜೊತೆಯವರು ಇದಕ್ಕೆ ಒಂದು ಉಪಾಯ ಮಾಡಿದ್ದರು. ಒಂದೇ ಹೆಡ್‌ಫೋನು ತೊಡಿಸಿ, ಬೇರೆ ಬೇರೆ ಹೆಡ್‌ಫೋನುಗಳ ಸದ್ದಿನ ಗುಣವನ್ನು ಈಕ್ವಲೈಜರಿನಿಂದ ಅದರಲ್ಲೇ ಬರಿಸಿ ಕೇಳಿಸುವುದು. ಭಾವನ ಮನೆಯಲ್ಲಿ ಅಷ್ಟೆಲ್ಲ ಆಗಲಿಲ್ಲ, ಕಾಫಿ ಬಂತು.

ಆ ಕಾಫಿ ಹೊತ್ತಿನಲ್ಲಿ ಬ್ಯಾಂಕಿನವರು ಒಂದು ಪ್ರಶ್ನೆ ಕೇಳಿದರು. "ಅಲ್ಲ ಮೇಡಂ, ನೀವು ಅವತ್ತು ವೇದಿಕೆ ಮೇಲೇ ಇದ್ದಿರಿ. ಯಾವುದು ನಿಜಕ್ಕೆ ಹತ್ತಿರ, ಅದನ್ನು ಹೇಳಿ." ಉತ್ತರ ನಾಲಿಗೆ ತುದಿಯಲ್ಲಿತ್ತು, ಹೇಳಲು ಹೋಗಿ ನಿಲ್ಲಿಸಿದೆ. ನಾನು ಕೂತಿದ್ದು ಅಕ್ಕನ ಹಿಂದೆ. ನಾನು ಕೇಳಿದ್ದು ಅವಳ ಬೆನ್ನಿನ ದನಿ, ಮತ್ತು ಕೆನ್ನೆಗೆ ಹತ್ತಿರವೇ ಇದ್ದ ತಂಬೂರಿ. ರೆಕಾರ್ಡರ್ ಕೂತಿದ್ದು ಎದುರಿನಲ್ಲಿ. ಅದು ಕೇಳಿದ ಕಛೇರಿಗೆ ನಾನು ಹೋಗಿಯೇ ಇಲ್ಲ. ಎಚ್‌ಡಿ 600 ನನಗೆ 'ನಿಜ' ಅನಿಸುವುದು ಅಡುಗೆಮನೆಯಲ್ಲಿ ಅಕ್ಕ ಹಾಡಿಕೊಳ್ಳುವುದನ್ನು ಕೇಳಿ ಬೆಳೆದಿದ್ದಕ್ಕೆ ಇರಬೇಕು.

ಕೊಳ್ಳುವವರಿಗೆ ಒಂದೆರಡು ಮಾತು. ಮೂರೂ ಹಿಂದೆ ತೆರೆದಿರುವಂಥವು, ಪಕ್ಕದಲ್ಲಿ ಮಲಗಿದವರಿಗೂ ಕಛೇರಿ ಕೇಳುತ್ತದೆ. 300 ಓಮ್‌ನವಕ್ಕೆ ಸುಮಾರಾದ ಒಂದು ಆಂಪ್ಲಿಫಯರ್ ಬೇಕು. ಬರೀ ಫೋನಿಗೆ ಸಿಕ್ಕಿಸಿದರೆ ಸದ್ದು ಸಾಲುವುದಿಲ್ಲ. ಲ್ಯಾಪ್‌ಟಾಪಿನಿಂದ ಗುಯ್ ಅಂತ ಬಂದರೆ ಮೊದಲು ಚಾರ್ಜರ್ ಕಿತ್ತು ನೋಡಿ. ಕೇಬಲ್ಲಿನ ಬಗ್ಗೆ ಭಾವನ ಗೆಳೆಯರು ಒಂದು ಗಂಟೆ ಮಾತಾಡಿದರು, ನನಗೆ ಒಂದು ಸೆಕೆಂಡಿನ ವ್ಯತ್ಯಾಸವೂ ಕೇಳಲಿಲ್ಲ. ಕೇಳಿದ್ದು ಇಯರ್ ಪ್ಯಾಡಿನಲ್ಲಿ. ನನ್ನ 600ರ ಪ್ಯಾಡು ಹಪ್ಪಳವಾಗಿತ್ತು, ಹೊಸದು ಹಾಕಿದ ದಿನ ಬೇರೆ ಹೆಡ್‌ಫೋನೇ ಬಂದ ಹಾಗಿತ್ತು. ಈ ಮಾಡೆಲ್ಲಿನಲ್ಲಿ ಕೇಬಲ್ಲು, ಪ್ಯಾಡು ಎಲ್ಲ ಕೈಯಲ್ಲೇ ಬಿಚ್ಚಿ ಬದಲಿಸಬಹುದು, ಅದೊಂದು ಪುಣ್ಯ. ನನಗೆ ಒಂದೇ ಇಟ್ಟುಕೋ ಎಂದರೆ 600. ಭಾವ ಊರಿಗೆ ಹೋದಾಗ ಕದ್ದು ಕೇಳುವುದು 800 ಎಸ್.

ಕೊನೆಯ ಭಾನುವಾರ ಅಕ್ಕ ಒಳಗಿನಿಂದ ಕೈ ಒರೆಸಿಕೊಂಡು ಬಂದಳು. 800 ಎಸ್ ಹಾಕಿಸಿಕೊಂಡು ಕಣ್ಣು ಮುಚ್ಚಿದಳು. ಅರ್ಧ ನಿಮಿಷ ಆಗಿರಬಹುದು.

"ಅವತ್ತು ಅನುಸಾರಣಿ ಇಳಿದಿತ್ತಲ್ವೇನೇ?" ಅಂದಳು.

ನಾನು ಎಲ್ಲರಿಗೂ ಕೇಳಿಸಿದ್ದ ಅಲೆ ಅದು. ಸಾರಣಿ, ಅನುಸಾರಣಿ ಎರಡು ತಂತಿಯೂ ಒಂದೇ ಶ್ರುತಿಯಲ್ಲಿರಬೇಕು, ಇದ್ದರೆ ಆ ಅಲೆ ಏಳುವುದೇ ಇಲ್ಲ. ಅವಳು ಹೆಡ್‌ಫೋನು ತೆಗೆದಿಟ್ಟು ಒಗ್ಗರಣೆ ಸೀಯುತ್ತದೆಂದು ಒಳಗೆ ಹೋದಳು. ಆಮೇಲೆ ನನ್ನ 600ರಲ್ಲಿ ಹಾಕಿ ನೋಡಿದೆ, ಅಲ್ಲೂ ಇದೆ. ಎಲ್‌ಸಿಡಿ-ಎಕ್ಸ್‌ನಲ್ಲೂ ಇದೆ. ಫೋನಿನ ಸ್ಪೀಕರಿನಲ್ಲಿ ಹಾಕಿ ನೋಡುವ ಧೈರ್ಯ ಇನ್ನೂ ಬಂದಿಲ್ಲ.